ಪೆಟ್ಟಿಗೆಗೆ ತಿಳಿಯದ ಮಾತು

ಕೆಲವರ ಕಾಲಿಗೆ ಚಕ್ರ ಕಟ್ಟಿರುತ್ತದಂತೆ. ಈ ಸೊಸೆಯ ಕಿವಿಗೇ ಕಟ್ಟಿತ್ತು. ಮೂರು ಮನೆ ಆಚೆ ಲೋಟ ಬಿದ್ದರೂ ಇವಳಿಗೆ ಗೊತ್ತು. ಆ ಕಿವಿಯೇ ಅನ್ನ ಕೊಟ್ಟಿತು. ಮೊದಲು ಟೆಲಿಫೋನ್ ಕಚೇರಿಯಲ್ಲಿ ಕರೆ ಜೋಡಿಸಿದಳು. ಅದು ಮುಚ್ಚಿದ ಮೇಲೆ ಈಗಿನ ಕೆಲಸ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಮಾತಾಡುವ ಪೆಟ್ಟಿಗೆ ಬಂದಿದೆಯಲ್ಲ, ಜನ ಆಡಿದ್ದು ಅದಕ್ಕೆ ಅರ್ಥವಾಗದಿದ್ದರೆ ಆ ದನಿಯ ತುಣುಕು ಇವಳ ಮೇಜಿಗೆ ಬರುತ್ತಿತ್ತು. ಇವಳು ಕೇಳಿ, ಅವರು ಹೇಳಿದ್ದೇನೆಂದು ಟೈಪ್ ಮಾಡಬೇಕು. ಪೆಟ್ಟಿಗೆ ಅದರಿಂದ ಕಲಿಯಬೇಕು. ಹೊರಗೆ ಬಾಯಿಬಿಟ್ಟರೆ ಕೆಲಸಕ್ಕೇ ಸಂಚಕಾರ. ಗಂಡನಿಗೂ ಹೇಳಿರಲಿಲ್ಲ.

ಅಂಥದೇ ಪೆಟ್ಟಿಗೆ ಅತ್ತೆಯ ಅಡುಗೆಮನೆಗೂ ಬಂತು. ಅದು ಬಂದ ರಟ್ಟಿನ ಡಬ್ಬದ ಮೇಲೆ ದಪ್ಪಕ್ಷರ: "ಜಾದೂ! ನೀವು ಹೇಳಿ, ಇದು ಅರಿಯುತ್ತದೆ."

"ನೀನು ಮೂರು ಸಲ ಕೂಗಿದ್ರೂ ಓಗೊಡಲ್ಲ ಕಣೇ. ಇದು ನೋಡು, ಒಂದೇ ಮಾತಿಗೆ!" ಎಂದರು ಅತ್ತೆ.

ಸೊಸೆ ಬಾಯಿಗೆ ಬಂದ ಗುಟ್ಟನ್ನು ನುಂಗಿಕೊಂಡಳು.

ಒಂದು ಮಧ್ಯಾಹ್ನ ಇಯರ್‌ಫೋನಿನಲ್ಲಿ ನಲ್ಲಿ ತೊಟ್ಟಿಕ್ಕಿತು. ಎರಡು ತೊಟ್ಟು, ಕೊಂಚ ತಡೆದು ಮೂರನೆಯದು. ತನ್ನ ಮನೆಯ ನಲ್ಲಿ! ಜೊತೆಗೆ ಅತ್ತೆಯ ಪಿಸುದನಿ: "ಒಲೆ ಆರಿಸಿದೀನಾ ನಾನು?" ಮುಂದಿನ ತುಣುಕಿನಲ್ಲೂ ಅದೇ. ಅದರ ಮುಂದಿನದರಲ್ಲಿ ಅಳು ಬೆರೆತಿತ್ತು. ಎಲ್ಲ ನಾಲ್ಕು ದಿನ ಹಳೆಯವು. ಈಗ, ಈ ಗಳಿಗೆಯಲ್ಲಿ, ಒಲೆ?

ಕುರ್ಚಿ ಮುಳ್ಳಾಯಿತು. ಮನೆಗೆ ಫೋನ್ ಮಾಡಿದಳು, ಯಾರೂ ಎತ್ತಲಿಲ್ಲ. ತಲೆನೋವೆಂದು ಹೇಳಿ ಓಡಿದಳು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ. ತಾನು ನಿಂತರೆ ಬಸ್ಸು ಬೇಗ ಹೋದೀತೇನೋ ಎಂಬಂತೆ ನಿಂತೇ ಹೋದಳು. ಚಪ್ಪಲಿ ಬಿಡದೆ ಅಡುಗೆಮನೆಗೆ ನುಗ್ಗಿ ನೋಡಿದರೆ ಒಲೆ ತಣ್ಣಗಿತ್ತು. ಅತ್ತೆ ಒಳಕೋಣೆಯಲ್ಲಿ ಟವೆಲ್ ಮಡಚುತ್ತಿದ್ದರು.

"ಏನೇ, ಕೆಲಸದಿಂದ ಓಡಿಸಿದ್ರಾ?"

"ಅತ್ತೆ, ಒಲೆ ಆರಿಸಿದೀನಾ ಅಂತ ಆ ಪೆಟ್ಟಿಗೇನ ಯಾಕೆ ಕೇಳ್ತೀರಿ? ಅದಕ್ಕೇನು ಕಣ್ಣಿದೆಯಾ?"

ಟವೆಲ್ ಕೈಜಾರಿತು. "ನಿಂಗ್ಯಾರು ಹೇಳಿದ್ರು? ಇದೂ ಜಾದೂನಾ?"

"ಜಾದೂನೂ ಇಲ್ಲ, ಮಣ್ಣೂ ಇಲ್ಲ. ಅದಕ್ಕೆ ತಿಳೀದೇ ಇದ್ದದ್ದನ್ನ ಕೇಳಿಸ್ಕೊಳ್ಳೋಳು ನಾನೇ. ಹೀಗಂದೆ ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ."

ಅತ್ತೆ ಬಿದ್ದ ಟವೆಲ್ ಎತ್ತಿ ಮತ್ತೆ ಮಡಚಿದರು. "ನಿಂಗೆ ಹೇಳಿದ್ರೆ ಮುದುಕಿಗೆ ಅರಳುಮರಳು ಅಂತೀಯ ಅಂದ್ಕೊಂಡೆ. ಅದರ ಮೇಲೆ ಜಾದೂ ಅಂತ ಬರೆದಿತ್ತಲ್ಲ..." ತಟ್ಟನೆ ಬೆಚ್ಚಿದರು. "ಹಾಗಾದ್ರೆ ನಿನ್ನ ಮೇಲೆ ಚಾಡಿ ಹೇಳಿದ್ದು?"

"ಅದು ಪೆಟ್ಟಿಗೆಗೇ ಚೆನ್ನಾಗಿ ಅರ್ಥವಾಗಿರ್ಬೇಕು. ನನ್ನ ತನಕ ಬರಲಿಲ್ಲ."

ಅತ್ತೆ ನಕ್ಕರು. ನಗುತ್ತಲೇ ಕಣ್ಣು ಅಡುಗೆಮನೆಯತ್ತ ಹೊರಳಿತು. "ಈಗ ಆರಿದೆಯಾ?"

"ಆರಿದೆ ಅತ್ತೆ. ನಾನೇ ನೋಡಿ ಬಂದೆ," ಎಂದವಳು, ಇನ್ನೊಮ್ಮೆ ನೋಡಲು ಹೋದಳು.