ಅಕ್ಕನ ಕನಸಿಗೆ ದುಡಿಯ ತಾಳ

ಬೇಸಿಗೆಯ ಮೊದಲ ಮಳೆಯಾದ ಹೂಮಳೆ ಬಿದ್ದು ವಾರ ಕಳೆದರೆ ಕಾಫಿ ಹೂ ಅರಳಿಯೇ ತೀರುತ್ತದೆ ಎಂದು ಕಣ್ಣುಮುಚ್ಚಿ ನಂಬಬಹುದಾಗಿದ್ದ ದಿನಗಳವು. ಪಾಲಿಬೆಟ್ಟದ ಒಂದು ಎಸ್ಟೇಟಿನಲ್ಲಿ ಅಪ್ಪ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದರು. ನನಗೆ ಒಂಬತ್ತು ವರ್ಷ, ಶೋಭಕ್ಕನಿಗೆ ಹದಿನಾಲ್ಕು. ಹಿಂದಿನ ಮಳೆಗಾಲದಲ್ಲಿ ಅಮ್ಮ ಜ್ವರದಿಂದ ತೀರಿಕೊಂಡಿದ್ದಳು. ಆಮೇಲೆ ಅಪ್ಪ ಅವಳ ಹೆಸರೆತ್ತಲಿಲ್ಲ. ನಾವು ಎತ್ತಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು.

ಅಕ್ಕ ತನಗೆ ಬಿದ್ದ ಕನಸೊಂದನ್ನು ಪದ್ಯ ಮಾಡಿದಳು. ಅದರಲ್ಲಿ ಅಮ್ಮ ಬಿಳಿ ಸೀರೆಯುಟ್ಟು ಕಾಫಿ ಹೂಗಳ ಮೇಲೆ ನಡೆದು ಬರುತ್ತಾಳೆ, ಚಂದ್ರನನ್ನು ಮೊರದಲ್ಲಿಟ್ಟು ಕೇರುತ್ತಾಳೆ. ಗೋಣಿಕೊಪ್ಪಲಿನ ಯುಗಾದಿ ಕಾರ್ಯಕ್ರಮದಲ್ಲಿ ಅದನ್ನು ಹಾಡಿಸಿ ಅಪ್ಪನ ಕಿವಿಗೆ ಹಾಕಲೇಬೇಕೆಂದು ಅವಳ ಹಟ. ತುಂಬಿದ ಸಭೆಯಿಂದ ಅಪ್ಪ ಎದ್ದು ಹೋಗಲಾರರು ಎಂದುಕೊಂಡಿದ್ದಳು. ಅವಳದೋ ಕಾಗೆ ಕಂಠ. ಹಾಗಾಗಿ ಹಾಡುವ ಕೆಲಸ ನನ್ನ ತಲೆಗೆ ಬಿತ್ತು.

ಶಾಲೆಯ ಸಂಗೀತ ಮೇಷ್ಟ್ರು ಹಾರ್ಮೋನಿಯಂ ಹಿಡಿದು ರಾಗ ಕೂಡಿಸಿದರು. ಅವರ ಹೆಂಡತಿಯದು ಪಿಟೀಲು. ತಬಲದವರು ಸಿಗದೆ ಎಸ್ಟೇಟಿನ ಜೀಪು ಓಡಿಸುವ ಪೂವಯ್ಯ ಮಾಮ ಡಮರುವಿನಂಥ ತಮ್ಮ ಪುಟ್ಟ ದುಡಿ ತಂದರು. ಕರಿಮೆಣಸು ಹರವಿದ ಕಣದ ಅಂಚಿನಲ್ಲಿ ನಮ್ಮ ಅಭ್ಯಾಸ. ಮೆಣಸಿನ ಘಾಟಿಗೆ ಸೀನು, ನಡುನಡುವೆ ಬೆಲ್ಲದ ಕಾಫಿ.

ತೊಂದರೆಯೆಲ್ಲ ಪೂವಯ್ಯ ಮಾಮನಿಂದ. ಕೊಡವರ ಮನೆಗಳಲ್ಲಿ ದುಡಿ ಹಿಡಿದು ನಾಲ್ವರು ಕೂರುತ್ತಾರೆ. ಇಬ್ಬರು ಹಾಡಿದ ಸಾಲನ್ನು ಇನ್ನಿಬ್ಬರು ತಿರುಗಿ ಹಾಡಬೇಕು. ಆ ರೂಢಿಯಲ್ಲೇ ಬೆಳೆದ ಮಾಮ ನನ್ನ ಪ್ರತಿ ಸಾಲನ್ನೂ ತಮ್ಮ ದಪ್ಪ ದನಿಯಲ್ಲಿ ಮತ್ತೊಮ್ಮೆ ಹಾಡುತ್ತಿದ್ದರು.

"ಇದು ಒಬ್ಬಳೇ ಹಾಡೋ ಹಾಡು ಮಾರಾಯ," ಎಂದು ಮೇಷ್ಟ್ರು ತಲೆ ಚಚ್ಚಿಕೊಳ್ಳುತ್ತಿದ್ದರು.

"ಎಂತ ಮಾಡೋದು ಮೇಷ್ಟ್ರೇ, ದುಡಿ ಕೈಗೆ ಬಂದ್ರೆ ಬಾಯಿ ಸುಮ್ನೆ ಕೂರಲ್ಲ."

ಕಡೆಗೆ ಬಾಯಿ ಬಿಡುವುದಿಲ್ಲವೆಂದು ಮಾಮನಿಂದ ಆಣೆ ಹಾಕಿಸಿಕೊಂಡರು.

ಯುಗಾದಿಯ ದಿನ ಅಪ್ಪ ಎರಡನೇ ಸಾಲಿನಲ್ಲಿ ಕೂತಿದ್ದರು. ಅಮ್ಮ ಹೂವಿನ ಮೇಲೆ ನಡೆದು ಬರುವ ಸಾಲು ಹಾಡಿ ನೋಡುತ್ತೇನೆ, ಅಪ್ಪ ಕಾಲಲ್ಲೇ ಚಪ್ಪಲಿ ಹುಡುಕುತ್ತಿದ್ದಾರೆ. ಹೊರಟರು ಎಂದುಕೊಂಡೆ. ಮುಂದಿನ ಸಾಲು ಮರೆತೇ ಹೋಯಿತು. ಆಗ ಪೂವಯ್ಯ ಮಾಮ ಆಣೆ ಮರೆತು ಆ ಸಾಲನ್ನು ತಿರುಗಿ ಹಾಡಿದರು. ಮೇಷ್ಟ್ರು ಕಣ್ಣು ಕೆಕ್ಕರಿಸಿದರೂ ಮಾಮ ನಿಲ್ಲಿಸದೆ ಇನ್ನೊಮ್ಮೆ ಹಾಡಿದರು. ಮೂರನೇ ಸಲಕ್ಕೆ ನನ್ನ ದನಿ ಕೂಡಿಕೊಂಡಿತು. ಅಪ್ಪ ಏಳಲಿಲ್ಲ. ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದರು.

ಮಾಮನ ಜೀಪಿನಲ್ಲಿ ಹಿಂತಿರುಗುತ್ತಾ ಅರ್ಧ ದಾರಿ ಬಂದಿದ್ದೆವು. ಆಗ ಅಪ್ಪ ಅಂದರು, "ಶೋಭಾ, ನಿಮ್ಮಮ್ಮ ಬಿಳಿ ಸೀರೆ ಉಟ್ಟವಳೇ ಅಲ್ಲ. ಹಸಿರು ಅಂದ್ರೆ ಪ್ರಾಣ ಅವಳಿಗೆ."

"ಕನಸಲ್ಲಿ ಬಿಳೀನೇ ಇತ್ತಪ್ಪ."

"ಕನಸಿಗೆ ಎಂತ ಗೊತ್ತು?"

ಮನೆ ಮುಟ್ಟುವ ತನಕ ಅಪ್ಪ ಅಮ್ಮನ ಮಾತನ್ನೇ ಆಡಿದರು. ನಾನೂ ಅಕ್ಕನೂ ಕೈ ಹಿಡಿದುಕೊಂಡು ಅತ್ತೆವು. ಅಷ್ಟು ಸುಖದ ಅಳು ಮತ್ತೆ ಬಂದಿಲ್ಲ.

ಈಗ ಹೂಮಳೆಯನ್ನು ಕಾಯುವವರು ಕಡಿಮೆ, ಸ್ಪ್ರಿಂಕ್ಲರ್ ಇದೆ. ಮೇಷ್ಟ್ರಿಲ್ಲ, ಮಾಮನಿಲ್ಲ, ಅಪ್ಪನೂ ಇಲ್ಲ. ಅಕ್ಕ ಬಂದಾಗ ಇಬ್ಬರೂ ಆ ಪದ್ಯ ಹಾಡಿಕೊಳ್ಳುತ್ತೇವೆ. ಗಿಳಿಹಸಿರೋ, ಎಲೆಹಸಿರೋ, ಅಮ್ಮನಿಗೆ ಪ್ರಾಣವಾಗಿದ್ದುದು ಯಾವ ಹಸಿರು ಎಂದು ಆ ದಿನ ಜೀಪಿನಲ್ಲಿ ನಾವು ಕೇಳಲೇ ಇಲ್ಲ.