ನನ್ನ ಸಂದರ್ಶನಕ್ಕೆ ಅಜ್ಜಿ ಕೊಟ್ಟ ಉತ್ತರ

ಗೆಳೆಯರೇ, ರಜೆಗೆಂದು ಬೀಳಗಿಗೆ ಬಂದಿರುವ ನಾನು ಇವತ್ತು ಪಡಸಾಲೆಯಲ್ಲೇ ಕೂತು ವಿಡಿಯೋ ಸಂದರ್ಶನ ಕೊಟ್ಟೆ. ಜರ್ಮನಿಯಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಯ ಮುಖ್ಯ ನರ್ಸ್ ಹುದ್ದೆಗೆ.

ಸಂದರ್ಶಕರಲ್ಲಿ ಒಬ್ಬರು ಕೇಳಿಯೇಬಿಟ್ಟರು: "ನಮ್ಮ ಹಿರಿಯ ನರ್ಸುಗಳು ನಿಮ್ಮಂಥ ಹೊರಗಿನವರ ಮಾತು ಕೇಳುತ್ತಾರೆಯೇ?"

ಪಕ್ಕದಲ್ಲಿ ಕೂತಿದ್ದ, ಆಯುಷ್ಯವಿಡೀ ಕುರಿ ಕಾಯ್ದ ಅಜ್ಜಿ, "ಏನ್ ಕೇಳಾಕತ್ತಾನವ್ವಾ?" ಎಂದಳು. ಹೇಳಿದೆ.

"ಬಣ್ಣ ನೋಡಿ ಕುರಿ ಬೆನ್ನ ಹತ್ತತಾವೇನ? ಮೇವಿದ್ದ ಕಡಿ ಕರಕೊಂಡ ಹೊಂಟಾಕಿ ಹಿಂದ ತಾವ ಬರ್ತಾವಂತ ಹೇಳ!"

ಅವರು ಅರ್ಥ ಕೇಳಿದರು. ಕುರಿಯನ್ನು ಜನ ಎಂದೂ ಮೇವನ್ನು ಅನ್ನ ಎಂದೂ ಅನುವಾದಿಸಿದೆ.

"ಅದ್ಭುತ! ನಿಮ್ಮ ಅಜ್ಜಿಯ ಕೈಕೆಳಗೆ ಎಷ್ಟು ಜನರಿದ್ದರು?"

"ಇನ್ನೂರು."

ಸಂಜೆ ಮೇಲ್ ಬಂತು, ಹುದ್ದೆ ನನ್ನದೇ. ಆ ಇನ್ನೂರಕ್ಕೂ ನಾಲ್ಕು ಕಾಲಿದ್ದ ವಿಷಯ ಮಾತ್ರ ಇನ್ನೂ ಬಾಯಿಬಿಟ್ಟಿಲ್ಲ.