ಗುಡ್ಡದ ಮೇಲೆ ಕೂತ ಧೂಳಿನ ಚುಕ್ಕೆ

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವ ಜಾತಿಯವನು ನಾನು. ಸತ್ತವರು ಕನಸಿನಲ್ಲಿ ಬಂದು ಮಾತಾಡಿದರು, ನಾಯಿ ಸುಮ್ಮನೆ ಗೋಡೆ ನೋಡಿ ಊಳಿಟ್ಟಿತು, ಮಾರನೆಯ ದಿನವೇ ಹೀಗಾಯಿತು ಎನ್ನುವವರನ್ನು ಕಂಡರೆ ನನಗೆ ಮೊದಲಿಂದಲೂ ಬೇಸರ. ಅವರು ಸುಳ್ಳು ಹೇಳುತ್ತಾರೆಂದಲ್ಲ. ಆಗಿದ್ದನ್ನು ಆಮೇಲೆ ಕೂತು ತಮಗೆ ಬೇಕಾದಂತೆ ಜೋಡಿಸಿಕೊಳ್ಳುತ್ತಾರೆ ಎಂದು ನಾನು ತಿಳಿದಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ಓದಿದ ಮೇಲೆ ನಾನೂ ಜೋಡಿಸಿಕೊಂಡಿದ್ದೇನೆ ಎಂದು ನಿಮಗೆ ಅನ್ನಿಸಿದರೆ ನನ್ನ ತಕರಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನನಗೂ ಹಾಗೇ ಅನ್ನಿಸುತ್ತಿತ್ತು.

ಸಕಲೇಶಪುರದಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜಿನ ಫೋಟೋ ಇವೆಲ್ಲ ಇದ್ದದ್ದೇ. ಅದರ ಜೊತೆಗೆ ಕ್ಯಾಮೆರಾದ ಸೆನ್ಸಾರ್ ಶುಚಿ ಮಾಡಿಕೊಡುತ್ತೇನೆ. ಹಿಂದೆ ಫಿಲ್ಮ್ ಇದ್ದ ಜಾಗದಲ್ಲಿ ಈಗ ಇರುವ, ಬೆಂಕಿಪೊಟ್ಟಣದಷ್ಟೂ ಇಲ್ಲದ ಹೊಳೆಯುವ ತುಂಡೇ ಸೆನ್ಸಾರ್. ಲೆನ್ಸ್ ಬದಲಿಸುವಾಗ ಒಂದು ಕಣ ಧೂಳು ಒಳಗೆ ಹೋಗಿ ಅದರ ಮೇಲೆ ಕೂತರೆ ತೆಗೆದ ಪ್ರತಿ ಫೋಟೋದಲ್ಲೂ ಬೂದು ಬಣ್ಣದ ಒಂದು ಮಸುಕು ಚುಕ್ಕೆ ಕಾಣುತ್ತದೆ. ನಮ್ಮ ಕಡೆ ಧೂಳಿಗೇನು ಬರವೇ? ಬೇಸಿಗೆಯಲ್ಲಿ ಜೀಪಿನ ಹಿಂದೆ ಏಳುವ ಕೆಂಪು ಮಣ್ಣು, ಕಣದಲ್ಲಿ ಕಾಫಿ ತಿರುವುವಾಗ ಹಾರುವ ಹೊಟ್ಟು. ಅದಕ್ಕೇ ಹಾಸನದಿಂದಲೂ ನನ್ನ ಹತ್ತಿರ ಕ್ಯಾಮೆರಾ ತರುವವರಿದ್ದಾರೆ.

ಬಂದವರಿಗೆಲ್ಲ ನಾನು ಹೇಳುವುದು ಇಷ್ಟೇ. ಲೆನ್ಸ್ ಬದಲಿಸುವಾಗ ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಮಾಡಿ ಹಿಡಿಯಿರಿ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಎಷ್ಟೇ ಅವಸರವಿದ್ದರೂ ಬಾಯಿಂದ ಊದಬೇಡಿ. ಧೂಳು ಹೋಗುತ್ತದೋ ಇಲ್ಲವೋ, ಎಂಜಲು ಮಾತ್ರ ಕೂರುತ್ತದೆ. ಇನ್ನೊಂದು ಮಾತು ಈ ಬರಹಕ್ಕೆ ಮುಖ್ಯ. ಸೆನ್ಸಾರ್ ಮೇಲೆ ಧೂಳಿದ್ದರೆ ಚುಕ್ಕೆ ಫೋಟೋದ ಒಂದೇ ಜಾಗದಲ್ಲಿರುತ್ತದೆ. ಬಲಗಡೆ ಮೇಲಿನ ಮೂಲೆ ಎಂದರೆ ಎಲ್ಲ ಫೋಟೋದಲ್ಲೂ ಅದೇ ಮೂಲೆ. ನೀವು ಮರದ ಫೋಟೋ ತೆಗೆಯಿರಿ, ಮದುಮಗಳ ಫೋಟೋ ತೆಗೆಯಿರಿ, ಅದು ಅಲ್ಲಿಂದ ಕದಲುವುದಿಲ್ಲ. ಎದುರಿಗೆ ಏನಿದೆ ಎಂಬುದು ಧೂಳಿಗೆ ಗೊತ್ತಿಲ್ಲ.

ಇದು ನಡೆದು ಹತ್ತು ವರ್ಷದ ಮೇಲಾಯಿತು. ಫೆಬ್ರವರಿ ತಿಂಗಳು. ಕಾಫಿ ಕೊಯ್ಲು ಮುಗಿದು ಎಲ್ಲರೂ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಿದ್ದರು. ವನಗೂರಿನ ಕಡೆ ಲೋಕೇಶಣ್ಣ ಎಂಬುವರು ತಮ್ಮ ಎಸ್ಟೇಟಿನಲ್ಲಿ ಹೊಸದಾಗಿ ಹೋಂಸ್ಟೇ ಶುರು ಮಾಡಿದ್ದರು. ಅದರ ವೆಬ್‌ಸೈಟಿಗೆ ಹಾಕಲು ಫೋಟೋ ಬೇಕೆಂದು ನನ್ನನ್ನು ಕರೆಸಿದ್ದರು. ಅಲ್ಲಿನ ಅಂಗಳದಲ್ಲಿ ನಿಂತರೆ ಕೆಳಗೆ ಹಳ್ಳ, ಹಳ್ಳದಾಚೆ ಎದುರಿಗೇ ದೊಡ್ಡದೊಂದು ಹುಲ್ಲುಗುಡ್ಡ. ಗುಡ್ಡದ ನಡುವೆ ಎಮ್ಮೆ ಮಲಗಿದಂತೆ ಒಂದೇ ಒಂದು ಕರಿಬಂಡೆ. ಬಂದವರು ಕಾಫಿ ಕುಡಿಯುತ್ತ ನೋಡುವ ನೋಟ ಅದೇ ಆದ್ದರಿಂದ ಬೆಳಗ್ಗೆಯಿಂದ ಅದನ್ನೇ ಬೇರೆ ಬೇರೆ ಕಡೆಯಿಂದ ತೆಗೆದೆ.

ಅಡುಗೆ ಜಯಕ್ಕನದು. ನಲವತ್ತೈದರ ಆಸುಪಾಸಿನ ಹೆಂಗಸು, ಗಂಡ ತೀರಿಕೊಂಡ ಮೇಲೆ ಮಗಳನ್ನು ಒಬ್ಬಳೇ ಓದಿಸುತ್ತಿದ್ದಳು. ನಾನು ಅಡುಗೆಮನೆಯ ಫೋಟೋ ತೆಗೆಯಲು ಹೋದಾಗ ಕೈ ಒರೆಸಿಕೊಂಡು ಎದುರಿಗೆ ಬಂದು ನಿಂತಳು.

"ಫೋಟೋದೋರೇ, ನಂದೂ ಒಂದು ಹೊಡೀರಿ. ಆಧಾರ್ ಕಾರ್ಡಲ್ಲಿ ನನ್ ಮಕ ನೋಡುದ್ರೆ ನಂಗೇ ಭಯ ಆಯ್ತದೆ."

ಎರಡು ಮೂರು ತೆಗೆದೆ. ಒಂದರಲ್ಲಿ ಚೆನ್ನಾಗಿ ನಕ್ಕಿದ್ದಳು.

ಮಧ್ಯಾಹ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಗುಡ್ಡದ ಫೋಟೋಗಳಲ್ಲಿ ಬೂದು ಚುಕ್ಕೆ. ಕ್ಯಾಮೆರಾದ ಒಳಗೆ ಧೂಳು ಹೋಗಿದೆ ಎಂದುಕೊಂಡೆ. ಬಚ್ಚಲುಮನೆಗೆ ಹೋಗಿ ಒಂದಷ್ಟು ಬಿಸಿನೀರು ಬಿಟ್ಟೆ. ಹಬೆಗೆ ಗಾಳಿಯಲ್ಲಿರುವ ಧೂಳು ನೆಲಕ್ಕೆ ಕೂರುತ್ತದೆ. ಹಬೆ ಆರಿದ ಮೇಲೆ ಕ್ಯಾಮೆರಾ ಬಿಚ್ಚಿ, ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಹೊಡೆದು, ಆಮೇಲೆ ಒರೆಸುವ ಪಟ್ಟಿಗೆ ಎರಡು ಹನಿ ದ್ರಾವಣ ಹಾಕಿ ಸೆನ್ಸಾರನ್ನು ಒಂದೇ ಎಳೆತಕ್ಕೆ ಒರೆಸಿದೆ. ಬಿಳಿಗೋಡೆಯ ಫೋಟೋ ತೆಗೆದು ಪರೀಕ್ಷಿಸಿದೆ. ಒಂದು ಕಣವೂ ಇರಲಿಲ್ಲ. ಸಂಜೆ ಬಿಸಿಲು ಇಳಿಯುವಾಗ ಗುಡ್ಡವನ್ನು ಮತ್ತೆ ತೆಗೆದು, ಜಯಕ್ಕ ಕೊಟ್ಟ ರೊಟ್ಟಿ ತಿಂದು ಊರಿಗೆ ಬಂದೆ.

ಮಾರನೆಯ ದಿನ ಸ್ಟುಡಿಯೋದಲ್ಲಿ ಕೂತು ನೋಡಿದಾಗ ಸಂಜೆಯ ಫೋಟೋಗಳಲ್ಲೂ ಚುಕ್ಕೆ ಇತ್ತು. ಇಂಥದ್ದನ್ನು ಕಂಪ್ಯೂಟರಿನಲ್ಲಿ ಅಳಿಸುವುದು ಒಂದು ಒತ್ತಿನ ಕೆಲಸ. ಒಂದೊಂದಾಗಿ ಅಳಿಸುತ್ತ ಹೋದೆ. ನಾಲ್ಕೈದು ಆದ ಮೇಲೆ ಕೈ ನಿಂತಿತು. ಧೂಳಾಗಿದ್ದರೆ ಮೌಸನ್ನು ಪ್ರತಿ ಸಲವೂ ಅದೇ ಜಾಗಕ್ಕೆ ಒಯ್ಯಬೇಕಿತ್ತು. ನಾನೋ ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ನಡುವಿಗೆ, ಮತ್ತೊಂದರಲ್ಲಿ ಕೆಳಗಿನ ಅಂಚಿಗೆ ಹೋಗುತ್ತಿದ್ದೆ. ಆದರೆ ಒತ್ತಿದ್ದೆಲ್ಲ ಗುಡ್ಡದ ಒಂದೇ ಕಡೆ. ಕರಿಬಂಡೆಯ ಕೆಳಗೆ, ಸ್ವಲ್ಪ ಬಲಕ್ಕೆ.

ಹಾಗಾದರೆ ಅದು ಗುಡ್ಡದ ಮೇಲೇ ಇರುವ ಯಾವುದೋ ಪೊದೆ ಇರಬೇಕು ಎಂದುಕೊಂಡೆ. ಆದರೆ ದೂರದ್ದನ್ನು ಹತ್ತಿರ ತರುವ ಉದ್ದ ಲೆನ್ಸಿನಲ್ಲೂ ಎರಡು ಫೋಟೋ ತೆಗೆದಿದ್ದೆ. ಅದರಲ್ಲಿ ಬಂಡೆ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತಿತ್ತು, ಹುಲ್ಲಿನ ಎಳೆಗಳೂ ಕಾಣುತ್ತಿದ್ದವು. ಪೊದೆ ಇರಲಿಲ್ಲ. ಚುಕ್ಕೆ ಮಾತ್ರ ಅಲ್ಲೇ ಇತ್ತು, ಬೇರೆ ಫೋಟೋಗಳಲ್ಲಿ ಇದ್ದಷ್ಟೇ ಗಾತ್ರದಲ್ಲಿ. ಗುಡ್ಡದ ಮೇಲಿನ ವಸ್ತುವಾಗಿದ್ದರೆ ಬಂಡೆಯ ಜೊತೆ ಅದೂ ದೊಡ್ಡದಾಗಬೇಕಿತ್ತು. ದೊಡ್ಡದಾಗದೆ ಇದ್ದದ್ದು ಧೂಳಿನ ಲಕ್ಷಣ. ಫೋಟೋದಲ್ಲಿ ಜಾಗ ಬದಲಿಸಿದ್ದು ಧೂಳಿನ ಲಕ್ಷಣವಲ್ಲ.

ಸ್ವಲ್ಪ ಹೊತ್ತು ಯೋಚಿಸಿದೆ. ಆ ವಾರ ಬಾಳ್ಳುಪೇಟೆಯಲ್ಲಿ ಒಂದು ಮದುವೆ, ಆಲೂರಿನಲ್ಲಿ ಒಂದು ಗೃಹಪ್ರವೇಶ ಒಪ್ಪಿಕೊಂಡಿದ್ದೆ. ಉಳಿದ ಚುಕ್ಕೆಗಳನ್ನೂ ಅಳಿಸಿ ಫೋಟೋಗಳನ್ನು ಲೋಕೇಶಣ್ಣನಿಗೆ ಕಳಿಸಿಬಿಟ್ಟೆ.

ಫೋಟೋ ತೆಗೆದು ಆರು ದಿನಕ್ಕೆ, ಬೆಳಗ್ಗೆ, ಅವರ ಫೋನ್ ಬಂತು.

"ಜಯಕ್ಕ ನಿನ್ನೆ ಮಧ್ಯಾಹ್ನದಿಂದ ಕಾಣ್ತಿಲ್ಲ ಕಣ್ರೀ. ಕರ ಹುಡುಕ್ಕೊಂಡು ಹಳ್ಳದ ಕಡೆ ಹೋಯ್ತೀನಿ ಅಂದೋಳು. ಕರ ಸಂಜೆ ತಾನೇ ಬಂತು, ಇವ್ಳು ಬರ್ಲಿಲ್ಲ. ಸ್ಟೇಷನ್ನಲ್ಲಿ ಫೋಟೋ ಕೇಳ್ತಾವ್ರೆ. ಅವತ್ತು ನೀವು ಹೊಡ್ದಿದ್ರಲ್ಲ, ಅದೊಂದು ಪ್ರಿಂಟ್ ಹಾಕ್ಕೊಂಡು ಬಂದ್ಬುಡಿ."

ಫೋಟೋ ಹುಡುಕಲು ಆ ದಿನದ ಮೂಲ ಫೈಲುಗಳನ್ನು ತೆರೆದೆ. ತಿದ್ದದೆ ಇರುವವು. ಜಯಕ್ಕನ ನಗುವ ಫೋಟೋದ ಆಚೀಚೆ ಗುಡ್ಡದ ಫೋಟೋಗಳು ಸಾಲಾಗಿ ಬಂದವು, ಎಲ್ಲದರಲ್ಲೂ ಚುಕ್ಕೆ. ಆದರೂ ಆ ಎರಡನ್ನೂ ನಾನು ಕೂಡಲೇ ಜೋಡಿಸಲಿಲ್ಲ, ನಿಜ ಹೇಳುತ್ತಿದ್ದೇನೆ. ಜೋಡಿಸಿದ್ದು ಅಲ್ಲಿಗೆ ಹೋಗಿ ಅಂಗಳದಲ್ಲಿ ನಿಂತು, ಆ ಬಂಡೆಯನ್ನು ಕಣ್ಣೆದುರು ಕಂಡಾಗ.

ಹತ್ತು ಹದಿನೈದು ಜನ ಬೆಳಗ್ಗೆಯಿಂದ ಹಳ್ಳದ ಎರಡೂ ದಂಡೆ ಹುಡುಕುತ್ತಿದ್ದರು. ಆ ವಾರ ಎರಡು ಆನೆ ಅದೇ ಕಡೆ ಓಡಾಡುತ್ತಿದ್ದುದರಿಂದ ಹಿಂದಿನ ದಿನ ಕತ್ತಲಾದ ಮೇಲೆ ಯಾರೂ ಇಳಿದಿರಲಿಲ್ಲ. ಆನೆಯೇ ಏನಾದರೂ ಮಾಡಿತೋ ಎಂಬ ಭಯ ಎಲ್ಲರ ಮುಖದಲ್ಲೂ ಇತ್ತು, ಬಾಯಲ್ಲಿ ಯಾರೂ ಆಡುತ್ತಿರಲಿಲ್ಲ. ಹಾಸನದ ಹಾಸ್ಟೆಲಿನಿಂದ ಬಂದ ಜಯಕ್ಕನ ಮಗಳು ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು. ನಾನು ಪ್ರಿಂಟು ಹಿಡಿದು ನಿಂತೇ ಇದ್ದೆ. ಏನೆಂದು ಹೇಳುವುದು? ಫೋಟೋದಲ್ಲಿ ಧೂಳು ಕಂಡಿತ್ತು, ಅಲ್ಲಿ ಹುಡುಕಿ ಎನ್ನುವುದೇ? ಅರ್ಧ ಗಂಟೆ ಹಾಗೇ ಕಳೆದೆ. ಆ ಅರ್ಧ ಗಂಟೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೊನೆಗೆ ಲೋಕೇಶಣ್ಣನನ್ನು ಪಕ್ಕಕ್ಕೆ ಕರೆದು, "ಆ ಬಂಡೆ ಕೆಳಗೆ ಒಂದ್ಸಲ ನೋಡಣ್ವಾ?" ಎಂದೆ.

"ಅಲ್ಲೇನೈತೆ ಮಾರಾಯ? ಬರೀ ಹುಲ್ಲು. ಇಲ್ಲಿಂದ್ಲೇ ಕಾಣ್ತದಲ್ಲ. ಅವ್ಳು ಹೋಗಿದ್ದು ಹಳ್ಳಕ್ಕೆ."

"ಫೋಟೋದಲ್ಲಿ ಏನೋ ಮಸುಕಾಗಿ ಕಾಣ್ತು, ಅದ್ಕೇ."

ಸುಳ್ಳು ಹೇಳಲಿಲ್ಲ. ಯಾವತ್ತಿನ ಫೋಟೋ ಎಂದು ಮಾತ್ರ ಹೇಳಲಿಲ್ಲ. ಹೆಗಲಲ್ಲಿದ್ದ ಕ್ಯಾಮೆರಾ ಕಂಡು, ನಾನು ಈಗಷ್ಟೇ ಉದ್ದ ಲೆನ್ಸಿನಲ್ಲಿ ಏನೋ ನೋಡಿದ್ದೇನೆ ಎಂದು ಅವರು ತಿಳಿದರು. ಮತ್ತೆ ಮಾತಾಡದೆ ಇಬ್ಬರು ಆಳುಗಳನ್ನು ಕೂಗಿದರು.

ಹಳ್ಳ ದಾಟಿ ಗುಡ್ಡ ಹತ್ತಲು ಮುಕ್ಕಾಲು ಗಂಟೆ ಹಿಡಿಯಿತು. ಕೆಳಗಿಂದ ನೋಡಿದರೆ ಒಂದೇ ಸಮನೆ ಕಾಣುವ ಇಳಿಜಾರು, ಹತ್ತಿರ ಹೋದರೆ ಹಾಗಿರಲಿಲ್ಲ. ಬಂಡೆಯ ಕೆಳಗೆ, ಸ್ವಲ್ಪ ಬಲಕ್ಕೆ, ಮಳೆನೀರು ಕೊರೆದ ಆಳವಾದ ಕೊರಕಲೊಂದಿತ್ತು. ಎರಡೂ ಕಡೆಯ ಹುಲ್ಲು ಬಾಗಿ ಅದರ ಬಾಯಿ ಮುಚ್ಚಿಕೊಂಡಿತ್ತು. ಲೋಕೇಶಣ್ಣ ಜೋರಾಗಿ "ಜಯಕ್ಕಾ" ಎಂದು ಕೂಗಿದರು. ಎರಡನೆಯ ಸಲ ಕೂಗಿದಾಗ ನಮ್ಮ ಕಾಲ ಬುಡದಲ್ಲೇ ಎಂಬಂತೆ ಸಣ್ಣ ದನಿ ಬಂತು.

ಜಯಕ್ಕ ಎರಡಾಳು ಆಳದಲ್ಲಿ ಕಲ್ಲುಗಳ ನಡುವೆ ಒರಗಿ ಕೂತಿದ್ದಳು. ಬಲಗಾಲು ಪಾದದ ಮೇಲೆ ತಿರುಚಿಕೊಂಡಿತ್ತು. ಕೂಗಿ ಕೂಗಿ ಗಂಟಲು ಹೋಗಿತ್ತು. ಮೊದಲು ನೀರು ಕೇಳಿದಳು. ಕುಡಿದ ಮೇಲೆ, "ಕರ ಮನೆಗೆ ಬಂತಾ?" ಎಂದಳು. ಲೋಕೇಶಣ್ಣ ಅಳುತ್ತಲೇ ಬೈದರು: "ಬಂತು ಕಣಮ್ಮೀ, ನಿಂಗಿಂತ ಅದುಕ್ಕೇ ಬುದ್ಧಿ ಐತೆ." ಕರು ಹುಡುಕುತ್ತ ಹಳ್ಳ ದಾಟಿದವಳಿಗೆ ಮೇಲೆ ಒಳ್ಳೆಯ ಪೊರಕೆ ಹುಲ್ಲು ಕಂಡಿತ್ತಂತೆ. ಒಂದು ಹೊರೆ ಕೊಯ್ದುಕೊಳ್ಳೋಣ ಎಂದು ಹತ್ತಿದ್ದಳು. ಹುಲ್ಲಿನ ಕೆಳಗೆ ನೆಲವಿಲ್ಲ ಎಂದು ಗೊತ್ತಾಗಿದ್ದು ಕಾಲಿಟ್ಟ ಮೇಲೆ. ಕಂಬಳಿಗೆ ಬಿದಿರಿನ ಗಳು ಕಟ್ಟಿ ಹೊತ್ತು ಇಳಿಸಿ, ಜೀಪಿನಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಇನ್ನೊಂದು ದಿನ ಕಳೆದಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಕಾಲಿಗೆ ಪ್ಲೇಟು ಹಾಕಿದರು. ಜಯಕ್ಕ ಇಂದಿಗೂ ಸ್ವಲ್ಪ ಕುಂಟುತ್ತಾಳೆ.

ಹದಿನೈದು ದಿನದ ಮೇಲೆ ನಾನು ಒಬ್ಬನೇ ಆ ಅಂಗಳಕ್ಕೆ ಹೋದೆ. ಅದೇ ಕ್ಯಾಮೆರಾ, ಅವೇ ಲೆನ್ಸುಗಳು, ಹೆಚ್ಚುಕಡಿಮೆ ಅದೇ ಹೊತ್ತು. ಗುಡ್ಡದ ಮೂವತ್ತು ನಲವತ್ತು ಫೋಟೋ ತೆಗೆದೆ. ಒಂದರಲ್ಲೂ ಚುಕ್ಕೆ ಇರಲಿಲ್ಲ. ಹಾಸನದಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಗೆಳೆಯನೊಬ್ಬನಿಗೆ ಮೂಲ ಫೈಲುಗಳನ್ನು ತೋರಿಸಿದೆ. ಸೆನ್ಸಾರಿಗೆ ಅಂಟದೆ ಸಡಿಲವಾಗಿರುವ ಧೂಳು ಶಟರ್ ಬಡಿದಾಗಲೆಲ್ಲ ಜಾಗ ಬದಲಿಸಬಹುದು ಎಂದ. ಬದಲಿಸಬಹುದು, ನಾನೇ ನೋಡಿದ್ದೇನೆ. ಆದರೆ ಪ್ರತಿ ಸಲವೂ ಬಂಡೆಯ ಕೆಳಗೇ ಹೋಗಿ ಕೂರುತ್ತದೆಯೇ, ನಡುವೆ ಒರೆಸಿದ ಮೇಲೂ? ಅವನು ಎಲ್ಲವನ್ನೂ ಇನ್ನೊಮ್ಮೆ ನೋಡಿ, "ಕಾಕತಾಳೀಯ ಕಣೋ, ತಲೆ ಕೆಡಿಸ್ಕೋಬೇಡ," ಎಂದ. ಇರಬಹುದು. ನಾನು ಅದಕ್ಕಿಂತ ಒಳ್ಳೆಯ ವಿವರಣೆ ಕಂಡುಕೊಂಡಿಲ್ಲ.

ಇಷ್ಟು ವರ್ಷವೂ ನಾನು ಇದನ್ನು ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಉದ್ದ ಲೆನ್ಸಿನಲ್ಲಿ ನಾನು ಜಯಕ್ಕನನ್ನು ಕಂಡುಹಿಡಿದೆ ಎಂದೇ ಎಲ್ಲರೂ ನಂಬಿದ್ದರು. ಹೋಂಸ್ಟೇಗೆ ಬಂದವರಿಗೆಲ್ಲ ಜಯಕ್ಕ ನನ್ನನ್ನು ತೋರಿಸಿ, "ಇವ್ರ ಕ್ಯಾಮ್ರಾ ಇಲ್ದಿದ್ರೆ ನಾನು ಇರ್ತಿರ್ಲಿಲ್ಲ," ಎನ್ನುತ್ತಿದ್ದಳು. ಅದನ್ನು ಕೇಳಿಸಿಕೊಂಡು ಸುಮ್ಮನಿರುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತ ಬಂತು. ಹೋದ ವರ್ಷ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವಳು ಹೆದರಲಿಲ್ಲ, ಕೈಮುಗಿಯಲೂ ಇಲ್ಲ. ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿದಳು.

"ಅಂದ್ರೆ ನಾನು ಬೀಳಕ್ಕೆ ಮುಂಚೇನೇ ಇತ್ತಾ ಅದು?"

"ಐದು ದಿನ ಮುಂಚೆ."

"ನೀವು ಅಳ್ಸಿಬುಟ್ರಾ?"

"ಧೂಳು ಅಂದ್ಕೊಂಡೆ ಜಯಕ್ಕ."

ಅವಳು ಹೆಂಚಿನ ಮೇಲಿದ್ದ ರೊಟ್ಟಿ ಮಗುಚಿದಳು. ಆಮೇಲೆ ಮೆಲ್ಲಗೆ, ಸಿಟ್ಟೇನೂ ಇಲ್ಲದೆ, "ಅವತ್ತೇ ನಂಗೊಂದು ಮಾತು ಹೇಳ್ಬಾರ್ದಿತ್ತಾ, ಫೋಟೋದೋರೇ?" ಎಂದಳು.

ಏನೆಂದು ಹೇಳಬೇಕಿತ್ತು ನಾನು? ಆ ಗುಡ್ಡದ ಮೇಲೆ ಅವತ್ತು ಏನೂ ಇರಲಿಲ್ಲ. ಹಾಗೆಂದು ಅವಳಿಗೆ ಹೇಳಲು ಬಾಯಿ ತೆರೆದೆ. ಅವಳು ಬೆಂಕಿ ತಗ್ಗಿಸಿ, ಮೂಲೆಯಲ್ಲಿದ್ದ ಬಿಂದಿಗೆ ಎತ್ತಿಕೊಂಡು, ಕುಂಟುತ್ತ ನೀರಿಗೆ ಹೋದಳು.